ಒದ್ದೆ ಗೋಡೆಗೆ ಚಿಪ್ಪಿನ ಸುಣ್ಣ: ನನ್ನ ಅನುಭವ

ಎರಡು ಮಳೆಗಾಲ ದಾಟಿದರೂ ಗೋಡೆ ಕಪ್ಪಾಗಿಲ್ಲ. ಇನ್ನು ಬರೆಯಬಹುದು ಎಂದುಕೊಂಡೆ.

ಉಡುಪಿಯ ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆಯ, ಹಂಚಿನ ಮನೆ. ಬಡಗು ಬದಿಯ ಕೋಣೆಗೆ ಬಿಸಿಲು ಬೀಳುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮೊಣಕಾಲೆತ್ತರದವರೆಗೆ ತೇವ ಏರಿ, ಚೌತಿ ಹೊತ್ತಿಗೆ ಬಣ್ಣ ಗುಳ್ಳೆ ಎದ್ದು ಉದುರುತ್ತಿತ್ತು. ಪುಟ್ಟಿ, ಎಮಲ್ಷನ್, ಮಜೂರಿ ಎಂದು ಮೊದಲು ಹೋದದ್ದು ಹತ್ತಿರ ಹತ್ತಿರ 14,000 ರೂಪಾಯಿ. ಮರುವರ್ಷ ನೀರು ನಿರೋಧಕ ಬಣ್ಣಕ್ಕೆ ಆರೇಳು ಸಾವಿರ. ಅದು ಕೆಳಗಿನ ದಾರಿಯನ್ನಷ್ಟೇ ಮುಚ್ಚಿತು. ತೇವ ಕಿಟಕಿಯ ದಳಿಯವರೆಗೆ ಏರಿ ಅಲ್ಲಿ ಹೊರಬಂತು. ಆಮೇಲೆ ಮನೆಯವರ ಆಸೆಗೆ ಹೂವಿನ ವಾಲ್‌ಪೇಪರ್. ಮಳೆಗಾಲ ಅರ್ಧಕ್ಕೆ ಬರುವಷ್ಟರಲ್ಲಿ ಅದರ ಮೂಲೆ ಬಿಟ್ಟುಕೊಂಡಿತು. ಹಿಂದೆ ಹಸಿರು ಬೂಷ್ಟು, ಜೊತೆಗೆ ಹಲ್ಲಿಯ ಮೊಟ್ಟೆ. ಗುತ್ತಿಗೆದಾರರೊಬ್ಬರು ಸೊಂಟದೆತ್ತರಕ್ಕೆ ಟೈಲ್ಸ್ ಹಾಕಿಸಿ ಎಂದು 30,000ದ ಲೆಕ್ಕ ಕೊಟ್ಟರು. ಒಳಗಿನ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಒಳಗಿನ ತೇವ ಆರಿಹೋಗಲು ಬಿಡುವ ಸುಣ್ಣವನ್ನೇ ಬಳಿಯುತ್ತೇನೆ ಎಂದಾಗ ಭಾವ ನಕ್ಕರು. "ನಿಮಗೆ ಮರುಳೇ? ಈ ಕಾಲದಲ್ಲಿ ದನದ ಹಟ್ಟಿಗೂ ಯಾರೂ ಸುಣ್ಣ ಬಳಿಯುವುದಿಲ್ಲ." ಪೇಂಟ್ ಅಂಗಡಿಯವರು ಇನ್ನೂ ಮರ್ಯಾದೆಯಿಂದ ಅದನ್ನೇ ಹೇಳಿದರು.

ನಿಜವಾದ ಕೆಲಸ ಇರುವುದು ಕೆರೆಯುವುದರಲ್ಲಿ. ಎಮಲ್ಷನ್ ಒಂದು ಅಂಗೈಯಷ್ಟು ಉಳಿದರೂ ಅಲ್ಲಿ ಸುಣ್ಣ ಹಿಡಿಯುವುದಿಲ್ಲ. ಪಟ್ಟಿ ಹಿಡಿದು ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಕೆಳಗಡೆ ಟೊಳ್ಳಾಗಿ ಸದ್ದು ಕೊಡುತ್ತಿದ್ದ ಸಿಮೆಂಟ್ ಗಾರೆಯನ್ನೆಲ್ಲ ಉಳಿಯಲ್ಲಿ ಕೆತ್ತಿ ತೆಗೆದೆ. ಕಲ್ಲು ಬತ್ತಲೆಯಾದ ಮೇಲೆ ಉಪ್ಪು ಬೆಳ್ಳಗೆ ಹೂತು ಬಂತು. ಅದನ್ನು ಒಣ ಬ್ರಷ್ಷಿನಿಂದಲೇ ಗುಡಿಸಬೇಕು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಕೆತ್ತಿದ ಭಾಗಕ್ಕೆ ಸುಣ್ಣ, ತೊಳೆದ ಹೊಳೆ ಮರಳು ಕಲಸಿದ ಗಾರೆ ಹಾಕಿ ಬೇಸಿಗೆಯವರೆಗೆ ಸುಮ್ಮನೆ ಬಿಟ್ಟೆ. ಆ ಅವಧಿಯಲ್ಲಿ ಮನೆಗೆ ಬಂದವರೆಲ್ಲ ಅಲ್ಲಿ ಗೋದಾಮು ಮಾಡುತ್ತೀರಾ ಎಂದು ಕೇಳಿದರು.

ಸುಣ್ಣ ಚೀಲದ ಪುಡಿಯಲ್ಲ, ಚಿಪ್ಪು ಸುಟ್ಟದ್ದು. ಇಪ್ಪತ್ತು ಕಿಲೋಗೆ ಗಾಡಿ ಬಾಡಿಗೆ ಸೇರಿ 700ರ ಆಸುಪಾಸು ಕೊಟ್ಟ ನೆನಪು. ನೀರಿಗೆ ಸುಣ್ಣ ಹಾಕಬೇಕೇ ಹೊರತು ಸುಣ್ಣಕ್ಕೆ ನೀರಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಪ್ಲಾಸ್ಟಿಕ್ ಬಕೆಟ್ ಮಾತ್ರ ಬೇಡ: ಕೊತಕೊತ ಕುದಿಯತೊಡಗಿದಾಗ ನಮ್ಮ ನೀಲಿ ಬಕೆಟ್ಟಿನ ತಳ ಮೆತ್ತಗಾಗಿ ಒಂದು ಬದಿಗೆ ವಾಲಿತು. ಉಳಿದದ್ದನ್ನು ಅಂಗಳದ ಸಿಮೆಂಟ್ ತೊಟ್ಟಿಯಲ್ಲಿ ಅರಳಿಸಿದೆ. ಕಣ್ಣಿಗೆ ಕನ್ನಡಕ ಇರಲಿ. ತಿಂಗಳಿಗೂ ಹೆಚ್ಚು ನೀರಿನಡಿ ಇಟ್ಟು, ಹಳೆಯ ಮುಂಡಿನಲ್ಲಿ ಸೋಸಿದೆ.

ಹದ ನೀರು ಮಜ್ಜಿಗೆಯಷ್ಟು ತೆಳು. ದಪ್ಪ ಬಳಿದರೆ ಬೇಗ ಮುಗಿಯುತ್ತದೆ, ಬೇಗ ಸಿಪ್ಪೆಯೂ ಏಳುತ್ತದೆ. ಗೋಡೆಗೆ ನೀರು ಚಿಮುಕಿಸಿ ನಾರಿನ ಕುಂಚದಲ್ಲಿ ಅಡ್ಡ ಒಂದು ಕೈ, ಮರುದಿನ ಉದ್ದ ಒಂದು ಕೈ. ಹಸಿ ಇರುವಾಗ ಏನೂ ಬಳಿದಂತೆ ಕಾಣುವುದಿಲ್ಲ, ಗಾರೆಯೆಲ್ಲ ತೋರುತ್ತದೆ. ಭಾವ ಬಂದು ನೋಡಿದ್ದೂ ಆ ಗಳಿಗೆಯಲ್ಲೇ! ಒಣಗಿದ ಮೇಲೆ ಬೆಳ್ಳಗಾದದ್ದನ್ನು ನೋಡಲು ಅವರು ನಿಲ್ಲಲಿಲ್ಲ. ನಾಲ್ಕು ಕೈ ಹಾಕಿದೆ. ಒರಗಿದರೆ ಅಂಗಿಗೆ ಬಿಳಿ ಹತ್ತದಂತೆ ಮೂರನೆಯ ಕೈಗೆ ಒಂದು ವಸ್ತು ಬೆರೆಸುತ್ತೇನೆ. ಅದು ಉಪ್ಪಲ್ಲ, ಬೆಲ್ಲವಲ್ಲ, ಅಂಗಡಿಯ ಅಂಟೂ ಅಲ್ಲ, ಹೆಸರು ಕೇಳಬೇಡಿ. ಕುಚ್ಚಲಕ್ಕಿಯ ಗಂಜಿ ತಿಳಿಯನ್ನೂ ಒಂದು ಮೂಲೆಯಲ್ಲಿ ಪ್ರಯತ್ನಿಸಿದ್ದೆ. ಗಟ್ಟಿ ಹಿಡಿಯಿತು, ಆದರೆ ಇರುವೆ ಸಾಲು ತಪ್ಪಲಿಲ್ಲ, ಹುಳಿ ವಾಸನೆ ಬೇರೆ.

ಬಣ್ಣದ ಪ್ರಯೋಗ ಮಗಳದ್ದು. ಹಳದಿ ಬೇಕೆಂದು ಲೋಟದಷ್ಟು ಸುಣ್ಣಕ್ಕೆ ಅರಿಶಿನ ಹಾಕಿದಳು. ಆರತಿಯ ಓಕುಳಿ ನೋಡಿದವರಿಗೆ ಮುಂದಿನದು ಗೊತ್ತು, ಕ್ಷಣದಲ್ಲಿ ಕೆಂಪಾಯಿತು. ಬಾಗಿಲ ಹಿಂದೆ ಬಳಿದು ನೋಡಿದೆವು, ಸ್ವಲ್ಪ ದಿನಕ್ಕೇ ಮಸುಕಾಗಿ ಕಲೆ ಕಲೆಯಾಯಿತು. ಕೊನೆಗೆ ಹಳದಿ ಆಕ್ಸೈಡ್ ಒಂದೆರಡು ಚಮಚ ಹಾಕಿ ತೆಳು ಕೆನೆಬಣ್ಣ ಮಾಡಿದೆ. ನೆಲದ ಅಂಚಿಗೆ ಕೆಂಪು ಆಕ್ಸೈಡಿನ ನಾಲ್ಕಿಂಚು ಪಟ್ಟಿ. ಗುಡಿಸುವಾಗ ತಾಗುವ ಕಲೆ ಅದರಲ್ಲಿ ಅಡಗುತ್ತದೆ.

ಬೆಳಕಿಗೆ ಎರಡು ಗಾಜಿನ ಹಂಚು ಏರಿಸಿದೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಬ್ಬೊಬ್ಬರ ಅಚ್ಚಿನಲ್ಲೂ ಕೂದಲೆಳೆ ವ್ಯತ್ಯಾಸ, ಒಂದರ ತೋಡಿಗೆ ಇನ್ನೊಂದರ ಏಣು ಕೂರುವುದಿಲ್ಲ. ನಿಮ್ಮ ಮಾಡಿನಿಂದ ಒಂದು ಹಂಚು ಇಳಿಸಿ ಅಂಗಡಿಗೆ ಒಯ್ಯಿರಿ. ಹಂಚು ಎರಡಕ್ಕೂ ಸೇರಿ ಐನೂರರ ಒಳಗೆ. ಹಗಲು ದೀಪ ಹಾಕುವುದು ತಪ್ಪಿತು.

ಸುಣ್ಣ, ಮರಳು, ಕುಂಚ, ಆಕ್ಸೈಡ್, ಹಂಚು, ಸತ್ತ ಬಕೆಟ್ ಎಲ್ಲ ಸೇರಿ ಖರ್ಚು 3,000 ದಾಟಿಲ್ಲ. ಕೆರೆದ ಮಜೂರಿ ಲೆಕ್ಕಕ್ಕಿಲ್ಲ, ಅದು ನನ್ನ ಬೆನ್ನಿನದು. ತೇವ ಈಗಲೂ ಬರುತ್ತದೆ. ಮಳೆ ಜೋರಾದಾಗ ಕೆಳಗಿನ ಒಂದಡಿ ಬಣ್ಣ ಗಾಢವಾಗಿ, ಬಿಸಿಲು ಕಂಡ ವಾರದಲ್ಲಿ ತಾನಾಗಿ ತಿಳಿಯಾಗುತ್ತದೆ. ಗುಳ್ಳೆ ಇಲ್ಲ, ಕಮಟು ವಾಸನೆ ಇಲ್ಲ. ದೀಪಾವಳಿ ಕಳೆದ ಮೇಲೆ ಕೆಳಭಾಗಕ್ಕೊಂದು ಕೈ ಬಳಿದರೆ ಸಾಕು. ಉಳಿದ ಸುಣ್ಣ ನೀರಿನಡಿ ಮುಚ್ಚಿಟ್ಟಿದ್ದೇನೆ, ಹಳತಾದಷ್ಟು ನುಣುಪು. ಅದರಲ್ಲಿ ಅರ್ಧ ಡಬ್ಬ ಈಗ ಭಾವನ ಮನೆಯಲ್ಲಿದೆ.