ಜೌಗು ಕಾಡಿನ ವನ್ಯಜೀವಿಧಾಮವನ್ನು ನಿರ್ವಹಿಸುವ ಬಗೆ

ವರ್ಷದ ಕೆಲವು ತಿಂಗಳು ಮರಗಳ ಬುಡ ನೀರಿನಲ್ಲಿ ಮುಳುಗಿದ್ದು, ಉಳಿದ ತಿಂಗಳುಗಳಲ್ಲಿ ನೆಲ ಬಯಲಾಗುವ ಕಾಡು ಜೌಗು ಕಾಡು. ಇಂಥ ಧಾಮದ ಹೊಣೆ ಹೊತ್ತವರು ಎಲ್ಲಕ್ಕಿಂತ ಮೊದಲು ನೀರಿನ ಪಂಚಾಂಗವೊಂದನ್ನು ಬರೆದುಕೊಳ್ಳಬೇಕು: ನೀರು ಯಾವಾಗ ಏರುತ್ತದೆ, ಎಷ್ಟು ಆಳ ನಿಲ್ಲುತ್ತದೆ, ಯಾವಾಗ ಇಳಿಯುತ್ತದೆ. ತೂಬಿನ ಬಳಿ ಮತ್ತು ಅತ್ಯಂತ ತಗ್ಗಿನ ಜಾಗದಲ್ಲಿ ಅಳತೆಗಂಬ ನೆಟ್ಟು ವಾರಕ್ಕೊಮ್ಮೆ ಮಟ್ಟ ಬರೆದಿಡಬೇಕು. ಹಳೆಯ ದಾಖಲೆ ಇಲ್ಲದಿದ್ದರೆ ಮರಗಳನ್ನೇ ಕೇಳಬಹುದು. ಕಾಂಡದ ಮೇಲೆ ಹೂಳು ಬಿಟ್ಟ ಬೂದುಬಣ್ಣದ ಗೆರೆ ಎಷ್ಟು ಎತ್ತರಕ್ಕಿದೆಯೋ ಹಿಂದಿನ ನೆರೆ ಬಹುಮಟ್ಟಿಗೆ ಅಲ್ಲಿಯವರೆಗೆ ಬಂದಿತ್ತೆಂದು ತಿಳಿಯಬಹುದು.

ಎಲೆಯುದುರಿ ವಿಶ್ರಮಿಸುವ ಋತುವಿನಲ್ಲಿ ಮರಗಳು ನೀರನ್ನು ಸಹಿಸುತ್ತವೆ. ಚಿಗುರುವ ಕಾಲದಲ್ಲೂ ನೀರು ನಿಂತೇ ಇದ್ದರೆ ಬೇರಿಗೆ ಆಮ್ಲಜನಕ ಸಿಗದೆ ಸೊರಗುತ್ತವೆ. ಅಮೆರಿಕದ ಅರ್ಕಾನ್ಸಾ ರಾಜ್ಯದಲ್ಲಿ 1930ರ ದಶಕದಿಂದ, ಚಳಿಗಾಲದ ಬಾತುಕೋಳಿಗಳಿಗಾಗಿ ಓಕ್ ಕಾಡುಗಳಿಗೆ ಏರಿ ಕಟ್ಟಿ ನೀರು ನಿಲ್ಲಿಸುವ ಪದ್ಧತಿ ಬೆಳೆಯಿತು. ಪ್ರತಿವರ್ಷವೂ ಬೇಗನೆ ನೀರು ತುಂಬಿ ತಡವಾಗಿ ಬಿಟ್ಟ ಕಡೆಗಳಲ್ಲಿ, ಬಾತುಗಳಿಗೆ ಕಾಯಿ ಕೊಡುತ್ತಿದ್ದ ಓಕ್ ಮರಗಳೇ ಕ್ಷೀಣಿಸಿದವು. ಬುಡ ಊದಿಕೊಳ್ಳುವುದು, ನೆತ್ತಿಯ ಕೊಂಬೆ ಒಣಗುವುದು, ಎಲೆ ಅಕಾಲದಲ್ಲಿ ಹಳದಿಯಾಗುವುದು, ಕೆಳಗೆ ಒಂದು ಸಸಿಯೂ ಕಾಣದಿರುವುದು ಇದರ ಮುನ್ಸೂಚನೆಗಳು. ಆದ್ದರಿಂದ ನೀರು ನಿಲ್ಲಿಸುವ ದಿನಾಂಕ ಮತ್ತು ಆಳವನ್ನು ವರ್ಷದಿಂದ ವರ್ಷಕ್ಕೆ ಬದಲಿಸುತ್ತ, ನಡುವೆ ಒಂದೊಂದು ವರ್ಷ ಕಾಡನ್ನು ಒಣಗಲು ಬಿಡಬೇಕು. ಹಕ್ಕಿಗಳು ಕಡಿಮೆಯಾದವೆಂಬ ದೂರು ಆ ವರ್ಷ ಬಂದೇ ಬರುತ್ತದೆ, ಅದಕ್ಕೆ ಮಣಿಯಬಾರದು.

ನೀರನ್ನು ಇಳಿಸುವಾಗ ಅವಸರ ಸಲ್ಲದು. ತೂಬಿನಲ್ಲಿ ಒಂದರ ಮೇಲೊಂದು ಕೂರುವ ಹಲಗೆಗಳಿದ್ದರೆ, ಮೇಲಿನ ಒಂದೆರಡನ್ನು 5 ಸೆಂ.ಮೀ. ಅಗಲದವಾಗಿ ಮಾಡಿಸುವುದು ಲೇಸು. ಆಗ ಮಟ್ಟವನ್ನು ದಿನಕ್ಕೆ 2–3 ಸೆಂ.ಮೀ.ನಂತೆ ಇಳಿಸುವುದು ಕೈಗೆ ಹತ್ತುತ್ತದೆ. ಹಲಗೆ ತೆಗೆದ ಮೂರು ನಾಲ್ಕು ದಿನಗಳ ಮೇಲೆ ನಸುಕಿನಲ್ಲಿ ಹೋಗಿ ನೋಡಿದರೆ, ಹೊಸದಾಗಿ ತೆರೆದುಕೊಂಡ ಕೆಸರಿನ ಅಂಚಿನುದ್ದಕ್ಕೂ ಬೆರಳಚ್ಚಿನಂತೆ ಹಕ್ಕಿಗಳ ಹೆಜ್ಜೆ ಮೂಡಿರುತ್ತದೆ, ಸಣ್ಣ ಗುಂಡಿಗಳಲ್ಲಿ ಸಿಕ್ಕ ಮೀನಿಗಾಗಿ ಬೆಳ್ಳಕ್ಕಿಗಳು ಕಾದು ನಿಂತಿರುತ್ತವೆ. ಒಂದೇ ದಿನದಲ್ಲಿ ನೀರೆಲ್ಲ ಹರಿದುಹೋದರೆ ಈ ಔತಣವೂ ಒಂದೇ ದಿನಕ್ಕೆ ಮುಗಿಯುತ್ತದೆ.

ಸತ್ತು ನಿಂತ ಮರಗಳನ್ನು ಕಡಿಯಬಾರದು. ಮರಕುಟಿಗ, ಗೂಬೆ, ಪೊಟರೆಯಲ್ಲಿ ಮೊಟ್ಟೆಯಿಡುವ ಬಾತುಗಳಿಗೆ ಅವೇ ಮನೆ. ಕಾಲುದಾರಿಯಿಂದ ಒಂದು ಮರದುದ್ದದೊಳಗೆ ಇರುವವನ್ನು ಮಾತ್ರ ಪರೀಕ್ಷಿಸಿ, ಅಪಾಯವಿದ್ದರೆ ಉರುಳಿಸಿ ಅಲ್ಲೇ ಬಿಡಬೇಕು. ದಕ್ಷಿಣ ಅಮೆರಿಕದಿಂದ ಹರಡಿದ ಅಂತರಗಂಗೆಯಂಥ ಕಳೆಯನ್ನು ಹೂಬಿಡುವ ಮುನ್ನವೇ ತೆಗೆಯಬೇಕು, ಏಕೆಂದರೆ ಅದರ ಬೀಜ ಕೆಸರಿನಲ್ಲಿ ಎಷ್ಟೋ ವರ್ಷ ಜೀವ ಹಿಡಿದಿರುತ್ತದೆ. ಹೊರಗಿನಿಂದ ಬರುವ ದೋಣಿಗಳನ್ನು ತೊಳೆದು, ಬಸಿದು, ಒಣಗಿಸಿದ ಮೇಲಷ್ಟೇ ನೀರಿಗಿಳಿಸಲು ಬಿಡಬೇಕು.

ಜನರಿಗೆ ಪ್ರವೇಶ ನೀಡುವ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ವನ್ಯಜೀವಿಧಾಮಗಳ 1997ರ ಕಾಯಿದೆ ಒಳ್ಳೆಯ ಒರೆಗಲ್ಲನ್ನು ಕೊಡುತ್ತದೆ: ಧಾಮ ಯಾವ ಉದ್ದೇಶಕ್ಕೆ ಸ್ಥಾಪನೆಯಾಯಿತೋ ಅದಕ್ಕೆ ಗಣನೀಯ ಅಡ್ಡಿ ತರುವ ಬಳಕೆಗೆ ಅನುಮತಿಯಿಲ್ಲ. ಹಕ್ಕಿ ನೋಡುವುದು, ಛಾಯಾಗ್ರಹಣ, ಮೀನು ಹಿಡಿಯುವುದು, ಮಕ್ಕಳ ಪಾಠ ಮುಂತಾದವನ್ನು ಆ ಕಾಯಿದೆ ಮುಂಚೂಣಿಯಲ್ಲಿ ಇರಿಸಿದರೂ ಪ್ರತಿಯೊಂದೂ ಈ ಪರೀಕ್ಷೆಯನ್ನು ದಾಟಲೇಬೇಕು. ಮರದ ಕಾಲುಸೇತುವೆಯನ್ನು ಜೌಗಿನ ನಡುವೆ ಹಾಯಿಸದೆ ಅಂಚಿನಲ್ಲಿ ಸುತ್ತಿಸಬೇಕು; ಕೆಳಗಿನ ಸಸ್ಯಗಳಿಗೆ ಬೆಳಕು ತಲುಪುವಂತೆ ಹಲಗೆಗಳ ನಡುವೆ ಸಂದು ಬಿಡಬೇಕು, ಆದರೆ ಗಾಲಿಕುರ್ಚಿಯ ಚಕ್ರ ಸಿಕ್ಕಿಕೊಳ್ಳುವಷ್ಟಲ್ಲ. ವೀಕ್ಷಣೆಗೆ ಸಣ್ಣ ಕಿಂಡಿಗಳಿರುವ ಮರೆಗೂಡು ಕಟ್ಟಿದರೆ ಹಕ್ಕಿಗಳು ಬೆದರುವುದಿಲ್ಲ, ನೋಡುವವರಿಗೂ ತೃಪ್ತಿ. ಮೀನು ಹಿಡಿಯುವವರ ಸೀಸದ ಗುಂಡನ್ನು ಹಕ್ಕಿಗಳು ಕಲ್ಲೆಂದು ನುಂಗಿ ವಿಷವೇರಿ ಸಾಯುವುದರಿಂದ ಸೀಸವನ್ನು ಪೂರ್ತಿ ನಿಷೇಧಿಸಬೇಕು.

ಕೊಕ್ಕರೆಗಳು ಗುಂಪಾಗಿ ಗೂಡು ಕಟ್ಟುವ ಮರಗಳಿಂದ ಕನಿಷ್ಠ 100 ಮೀಟರ್ ದೂರದವರೆಗೆ, ಗೂಡು ಕಟ್ಟುವ ಮೊದಲಿನಿಂದ ಮರಿ ಹಾರುವವರೆಗೆ ದಾರಿ ಮುಚ್ಚಬೇಕು. ಬರಿದೆ ‘ಪ್ರವೇಶವಿಲ್ಲ’ ಎಂದು ಬರೆದರೆ ಜನ ಹಗ್ಗ ದಾಟಿ ಹೋಗುತ್ತಾರೆ. ‘ಮರಿಗಳಿವೆ, ಇಂಥ ದಿನದಂದು ದಾರಿ ತೆರೆಯುತ್ತದೆ, ಅಲ್ಲಿಯವರೆಗೆ ಎಡಗಡೆಯ ಗೋಪುರದಿಂದ ನೋಡಬಹುದು’ ಎಂದು ಫಲಕದಲ್ಲಿ ಬರೆದು, ಹೇಳಿದ ದಿನವೇ ಹಗ್ಗ ಬಿಚ್ಚಬೇಕು.