ಕಡಲ ತಡಿಯ ಊರಿನ ಕೊಳಚೆ ನೀರು: ಮೊದಲು ಉಪ್ಪು ಎಲ್ಲಿಂದ ಬರುತ್ತಿದೆ ನೋಡಿ

ನಾನು ಸಣ್ಣ ಊರೊಂದರ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಆಪರೇಟರ್. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲು ತೋರಿಸುವುದು ತೊಟ್ಟಿಗೆ ಗಾಳಿ ಊದುವ ಬ್ಲೋವರ್ ಅಲ್ಲ, ಗೋಡೆಗೆ ಅಂಟಿಸಿದ ಉಬ್ಬರ ಇಳಿತದ ಪಟ್ಟಿ.

ಕಡಲ ಪಕ್ಕದಲ್ಲಿ ಎರಡು ಮೂರು ಅಡಿ ಅಗೆದರೆ ನೀರು ಸಿಗುತ್ತದೆ. ಒಳಚರಂಡಿ ಪೈಪು ಅದಕ್ಕಿಂತ ಕೆಳಗೆ ಮಲಗಿರುತ್ತದೆ. ಉಬ್ಬರ ಏರಿದಾಗ ಸಡಿಲ ಜಾಯಿಂಟು, ಬಿರುಕು ಎಲ್ಲದರಿಂದ ಉಪ್ಪುನೀರು ಒಳಗೆ ನುಗ್ಗುತ್ತದೆ. ಕೊಳೆ ತಿನ್ನುವ ಬ್ಯಾಕ್ಟೀರಿಯಾ ನಿಧಾನವಾಗಿ ಏರುವ ಉಪ್ಪಿಗೆ ಒಗ್ಗಿಕೊಳ್ಳುತ್ತವೆ. ದಿನಾ ಏರಿಳಿದರೆ ಸೋಲುತ್ತವೆ. ಪಾಪ, ಅವುಗಳ ತಪ್ಪಲ್ಲ.

ಒಂದು ಕಂಡಕ್ಟಿವಿಟಿ ಮೀಟರ್ ಇಟ್ಟುಕೊಳ್ಳಿ. ನೀರಿನಲ್ಲಿ ಕರೆಂಟು ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅದು ಅಳೆಯುತ್ತದೆ, ಉಪ್ಪು ಹೆಚ್ಚಿದಷ್ಟೂ ಅಂಕಿ ಹೆಚ್ಚು. ಸಮುದ್ರದ ನೀರಿನಲ್ಲಿ ಅದು ಸೆಂಟಿಮೀಟರಿಗೆ ಸುಮಾರು 50,000 ಮೈಕ್ರೋಸೀಮನ್ಸ್ ತೋರಿಸುತ್ತದೆ. ನಿಮ್ಮ ಊರಿನ ಕೊಳಚೆ ನೀರು 1,000 ತೋರಿಸುತ್ತಿದ್ದರೆ, ನೂರಕ್ಕೆ ಐದು ಪಾಲು ಸಮುದ್ರದ ನೀರು ಸೇರಿದರೂ ಸಾಕು, 3,000 ದಾಟುತ್ತದೆ. ಒಳಗೆ ಬರುವ ನೀರನ್ನು ಗಂಟೆಗೊಮ್ಮೆ ಅಳೆದು ಬರೆಯಿರಿ. ಒಂದೇ ದಿನ ಅಲ್ಲ, ಒಂದು ವಾರ. ಮನೆಗಳ ಬಳಕೆ ಗಡಿಯಾರದ ಪ್ರಕಾರ ನಡೆಯುತ್ತದೆ, ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ನಿಮ್ಮ ಮೀಟರಿನ ಅಂಕಿ ಏರುವ ಹೊತ್ತೂ ಹಾಗೇ ದಿನಾ ತಡವಾಗುತ್ತಿದ್ದರೆ ಬರುತ್ತಿರುವುದು ಕಡಲ ನೀರೇ. ದಿನಾ ಒಂದೇ ಹೊತ್ತಿಗೆ ಏರುತ್ತಿದ್ದರೆ ಯಾರೋ ಉಪ್ಪುನೀರು ಚರಂಡಿಗೆ ಬಿಡುತ್ತಿರಬಹುದು, ಅದನ್ನು ಬೇರೆಯಾಗಿ ಹುಡುಕಬೇಕು.

ಇನ್ನು ನೀರು ನುಗ್ಗುವ ಜಾಗ ಪತ್ತೆ ಹಚ್ಚುವುದು. ಬೆಳಗಿನ ಜಾವ ಎರಡರಿಂದ ನಾಲ್ಕು ಗಂಟೆ ಒಳ್ಳೆಯ ಸಮಯ. ಊರು ಮಲಗಿರುತ್ತದೆ, ಆಗಲೂ ಪೈಪಿನಲ್ಲಿ ಜೋರಾಗಿ ಹರಿಯುವುದು ಬಹುಪಾಲು ನುಸುಳಿದ ನೀರು. ಆ ಹೊತ್ತಿಗೆ ದೊಡ್ಡ ಉಬ್ಬರ ಬೀಳುವ ರಾತ್ರಿ ಆರಿಸಿಕೊಳ್ಳಿ. ಘಟಕದಿಂದ ಶುರುಮಾಡಿ ಮೇಲಕ್ಕೆ ಒಂದೊಂದೇ ಮ್ಯಾನ್‌ಹೋಲ್ ತೆರೆದು ಅಳೆಯಿರಿ. ಒಂದರಲ್ಲಿ ಉಪ್ಪು, ಅದರ ಮೇಲಿನದರಲ್ಲಿ ಸಿಹಿ ಬಂತು ಅಂದರೆ ತೂತು ಆ ಎರಡರ ನಡುವೆ ಇದೆ.

ಹಗ್ಗ ಕಟ್ಟಿದ ಬಕೆಟ್ ಮಾತ್ರ ಇಳಿಸಿ. ಮನುಷ್ಯರು ಇಳಿಯಬಾರದು, ಎಷ್ಟೇ ಅವಸರ ಇದ್ದರೂ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಗಾಳಿಯಿಲ್ಲದ ಕಡೆ ಅದು ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಜಾಸ್ತಿಯಾದರೆ ಮೂಗು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂದುಕೊಂಡು ಇಳಿದವರು ವಾಪಸ್ ಬರುವುದಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ದುರಸ್ತಿ ಆಗುವವರೆಗೆ ತೊಟ್ಟಿ ನೋಡಿಕೊಳ್ಳಬೇಕಲ್ವಾ? ಗಾಳಿ ಊದುವ ತೊಟ್ಟಿಯಿಂದ ಒಂದು ಲೀಟರ್ ನೀರು ಗಾಜಿನ ಜಾಡಿಗೆ ತುಂಬಿ ಅಲುಗಾಡಿಸದೆ 30 ನಿಮಿಷ ಬಿಡಿ. ಚೆನ್ನಾಗಿದ್ದರೆ ಕಂದು ಕೆಸರು ಒಟ್ಟಾಗಿ ಕೆಳಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಉಪ್ಪಿನ ಪೆಟ್ಟು ಬಿದ್ದಿದ್ದರೆ ಕೆಸರು ಕೂತರೂ ಮೇಲಿನ ನೀರು ಮಬ್ಬಾಗೇ ಉಳಿಯುತ್ತದೆ, ಕಣ್ಣಿಗೆ ಕಾಣುವ ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ. ಆಗ ಕೆಸರು ಹೊರಹಾಕುವುದನ್ನು ಕಡಿಮೆ ಮಾಡಿ. ಉಬ್ಬರದ ಹೊತ್ತಿನ ನೀರನ್ನು ಸಂಗ್ರಹ ತೊಟ್ಟಿಯಲ್ಲಿ ಹಿಡಿದಿಟ್ಟು ಇಡೀ ದಿನಕ್ಕೆ ಹಂಚಿ ಬಿಡಿ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಆಸುಪಾಸು ಇರಲಿ. ಸುಮ್ನೆ ಬ್ಲೋವರ್ ಪೂರ್ತಿ ತಿರುಗಿಸಿದರೆ ಕರೆಂಟು ಹೋಗುತ್ತದೆ ಅಷ್ಟೇ.

ಕಡಲಿಗೆ ನೀರು ಬಿಡುವ ಪೈಪಿನ ಬಾಯಿಯ ಫ್ಲ್ಯಾಪ್ ವಾಲ್ವ್, ಅಂದರೆ ನೀರನ್ನು ಹೊರಗೆ ಮಾತ್ರ ಬಿಡುವ ಬಾಗಿಲು, ಮರೆಯಬೇಡಿ. ಅದಕ್ಕೆ ಚಿಪ್ಪುಗಳು ಅಂಟಿ ಬಾಗಿಲು ಪೂರ್ತಿ ಮುಚ್ಚದೆ ಕಡಲು ನೇರವಾಗಿ ಒಳಗೆ ಬರುತ್ತದೆ. ಇಳಿತದಲ್ಲಿ ಹೋಗಿ ಕೆರೆದು ತೆಗೆಯಿರಿ.

ಪೈಪು ರಿಪೇರಿ ಆದ ಮೇಲೆ ಮುಂದಿನ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದಲ್ಲಿ ಅವೇ ಮ್ಯಾನ್‌ಹೋಲ್‌ಗಳನ್ನು ಮತ್ತೆ ಅಳೆಯಿರಿ. ಒಂದು ತೂತು ಮುಚ್ಚಿದಾಗ ಸುತ್ತಲ ನೀರಿನ ಮಟ್ಟ ಏರಿ ಪಕ್ಕದ ಬಿರುಕಿನಿಂದ ಸೋರಲು ಶುರುವಾಗುವುದುಂಟು.