ಬಿಲ್ ಹಿಂದೆ ಗೀಚಿದ ಹಲಸಿನಕಾಯಿ ಅತ್ತೇನ ಕಾಲ ಮೇಲೆ ನಿಲ್ಲಿಸೋದು ಹೇಗೆ

ಫೋನಲ್ಲಿ ಮಾತಾಡ್ತಾ ಕರೆಂಟ್ ಬಿಲ್ ಹಿಂದ್ಗಡೆ ಬಾಲ್ ಪೆನ್ನಲ್ಲಿ ಗೀಚಿದ್ದು ಇದು. ಒಂದು ಹಲಸಿನಕಾಯಿ, ಅದಕ್ಕೆ ಕಡ್ಡಿ ಕಾಲು, ಹವಾಯಿ ಚಪ್ಪಲಿ, ಒಂದು ಕಣ್ಣು ದೊಡ್ಡದು ಇನ್ನೊಂದು ಸಣ್ಣದು, ಕಂಕುಳಲ್ಲಿ ಛತ್ರಿ, ಮುಖದಲ್ಲಿ ಬಸ್ ತಪ್ಪಿಹೋದ ಸಿಟ್ಟು. ಮೊದಲ ಸಲ ಇದನ್ನ ಗೊಂಬೆ ಮಾಡುವಾಗ ಬುದ್ಧಿವಂತಿಕೆ ತೋರಿಸಿ ಕಣ್ಣೆರಡೂ ಸಮ ಮಾಡ್ದೆ, ಕಾಲು ನೆಟ್ಟಗೆ ಮಾಡ್ದೆ, ಕೊನೆಗೆ ನೋಡಿದ್ರೆ ಕೃಷಿ ಮೇಳದಲ್ಲಿಡೋ ಮಾಡೆಲ್ ಥರ ಇತ್ತು, ಅತ್ತೆ ಎಲ್ಲೋ ಹೋಗ್ಬಿಟ್ಟಿದ್ಲು. ಅದಕ್ಕೆ ಹೇಳೋದು, ಸೊಟ್ಟ ಇರೋದನ್ನ ಸೊಟ್ಟವಾಗೇ ಬಿಡಿ.

ಹಾಗೇ ಬಿಡೋಕೆ ಸುಲಭದ ದಾರಿ ಜೆರಾಕ್ಸ್. ಚಿತ್ರ 10 ಸೆಂ.ಮೀ. ಇದ್ದು ಗೊಂಬೆ 20 ಸೆಂ.ಮೀ. ಬೇಕಂದ್ರೆ 200 ಪರ್ಸೆಂಟ್ ಹಿಗ್ಗಿಸಿ ಎರಡು ಕಾಪಿ ತಗೊಳಿ, ಒಂದರ ಮೇಲೆ ತಂತಿ ಇಟ್ಟು ಬಗ್ಗಿಸೋಕೆ, ಇನ್ನೊಂದು ಗೋಡೆಗೆ ಅಂಟಿಸಿ ಆಗಾಗ ನೋಡ್ಕೊಳೋಕೆ. ಚಿತ್ರಕ್ಕೆ ಬೆನ್ನು ಇರಲ್ಲ, ಗೊಂಬೆಗೆ ಇರತ್ತೆ, ಅದಕ್ಕೆ ಪಕ್ಕದಿಂದ, ಹಿಂದಿನಿಂದ ಹೇಗಿರ್ತಾಳೆ ಅಂತ ನೀವೇ ಬರ್ಕೋಬೇಕು. ನಮ್ಮತ್ತೆಗೆ ಹಿಂದೆ ಹಲಸಿನ ತೊಟ್ಟೇ ತುರುಬು ಅಂತ ಹೊಳೆದದ್ದು ಆವಾಗ್ಲೇ.

ತಂತಿ ಅಂದ್ರೆ 3 ಮಿ.ಮೀ. ಅಲ್ಯೂಮಿನಿಯಂ, ಕೈಯಲ್ಲೇ ಬಗ್ಗತ್ತೆ. ಸಿಗ್ಲಿಲ್ವಾ, ಹಾರ್ಡ್‌ವೇರ್ ಅಂಗಡೀಲಿ ಕಬ್ಬಿಣ ಕಟ್ಟೋ ಬೈಂಡಿಂಗ್ ವೈರ್ ತಂದು ಮೂರೆಳೆ ಹೊಸೆದುಕೊಳ್ಳಿ. ಎರಡೂ ಕಾಲು ಒಂದೇ ತಂತೀಲಿ ಬರ್ಲಿ, ಒಂದು ಪಾದದಿಂದ ಹೊರಟು ಹೊಟ್ಟೆಯೊಳಗೆ ಸುತ್ತಿ ಇನ್ನೊಂದು ಪಾದಕ್ಕೆ ಇಳೀಬೇಕು. ಪಾದದ ಕೆಳಗೆ 4-5 ಸೆಂ.ಮೀ. ಜಾಸ್ತಿ ಬಿಡೋದು ಮರೀಬೇಡಿ, ಅದೇ ಮರದ ತುಂಡಿನ ತೂತಿಗೆ ಇಳಿಯೋದು. ಮೇಲೆ ದಪ್ಪ ಹೊಟ್ಟೆ ಕೆಳಗೆ ಕಡ್ಡಿ ಕಾಲು ಅಂದ್ಮೇಲೆ ಬೀಳೋದು ಗ್ಯಾರಂಟಿ, ಹಾಗಾಗಿ ಅಡಿಯ ಮರ ಭಾರವಾಗಿರ್ಲಿ, ಹೊಟ್ಟೆ ಆದಷ್ಟು ಹಗುರ ಇರ್ಲಿ. ಹೊಟ್ಟೆಗೆ ಅಡುಗೆಮನೆ ಫಾಯಿಲ್ ಮುದ್ದೆ ಮಾಡಿ ಒತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಬಿಗಿಯಾಗಿ ಸುತ್ತಿ. ಥರ್ಮೊಕೋಲ್ ಬೇಡ, ಆಮೇಲೆ ಸ್ಪ್ರೇ ಪೇಂಟ್ ಏನಾದ್ರೂ ತಾಗಿದ್ರೆ ಕರಗಿ ಗುಳಿ ಬೀಳತ್ತೆ.

ಈಗ ಮೈ. ನಮ್ಮಜ್ಜಿ ಹಳೇ ಪೇಪರ್ ನೆನೆಹಾಕಿ ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಪಾತ್ರೆ ಮೇಲೆ ತಟ್ಟಿ ಬುಟ್ಟಿ ಮಾಡ್ತಿದ್ರು, ಕಹಿಗೆ ಹುಳ ಹತ್ತಲ್ಲ ಅಂತಿದ್ರು, ನಾನೂ ಅದನ್ನೇ ಮಾಡೋದು. ಪೇಪರ್ ಚೂರು ಎರಡು ದಿನ ನೆನೀಲಿ, ಹಿಂಡಿದ ಎರಡು ಹಿಡಿಗೆ ರಾತ್ರಿ ನೆನೆಸಿದ ಮೆಂತ್ಯ ಒಂದು ಚಮಚ, ಮಿಕ್ಸೀಲಿ ನುಣ್ಣಗೆ ರುಬ್ಬಿ ಎರಡು ಚಮಚ ಫೆವಿಕಾಲ್ ಕಲಸಿ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದ ಗೊಂಬೆಗಳಿಗೆ ಮರದ ಹೊಟ್ಟು, ಹುಣಸೆ ಬೀಜದ ಅಂಟು ಬಳಸೋದೂ ಇದೇ ಜಾತಿ ಐಡಿಯಾ, ಅಂಟು ಪ್ಲಸ್ ನಾರು. ಒಂದೇ ಸಲ ದಪ್ಪ ಮೆತ್ತಬೇಡಿ, ಅರ್ಧ ಸೆಂ.ಮೀ. ಸಾಕು, ಫ್ಯಾನ್ ಕೆಳಗೆ ಎರಡು ಮೂರು ದಿನ ಇಡಿ. ಮಳೆಗಾಲದಲ್ಲಿ ವಾರ ಹಿಡಿಯತ್ತೆ, ಕಾಯಿರಿ, ಒಳಗೆ ಹಸಿ ಇದ್ರೆ ಬೂಸ್ಟು ಬರತ್ತೆ.

ಮುಳ್ಳು ಬರಿಸೋಕೆ ಮಾತ್ರ ಪೇಪರ್ ಆಗಲ್ಲ, ಹರಿದು ಬರತ್ತೆ. ನಾನು ಮೊದಲು ಸಬ್ಬಕ್ಕಿ ಅಂಟಿಸಿದ್ದೆ, ಇರುವೆ ಸಾಲು ನೋಡಿ ಕಿತ್ತು ಬಿಸಾಕಿದೆ. ಒಣಗಿದ ಮೈಮೇಲೆ ಏರ್ ಡ್ರೈ ಕ್ಲೇ, ಅಂದ್ರೆ ಸುಡದೆ ಗಾಳೀಲೇ ಒಣಗಿ ಗಟ್ಟಿಯಾಗೋ ಮಣ್ಣು, 3 ಮಿ.ಮೀ. ದಪ್ಪಕ್ಕೆ ಹೊದೆಸಿ, ಉಗುರು ಕತ್ತರಿ ತುದೀನ ಓರೆಯಾಗಿ ಹಿಡಿದು ಚಿಕ್ ಚಿಕ್ ಅಂತ ಕತ್ತರಿಸ್ತಾ ಹೋಗಿ. ಪ್ರತಿ ಕಚ್ಚಿಗೂ ಒಂದು ಸಣ್ಣ ಮುಳ್ಳು ಎದ್ದು ನಿಲ್ಲತ್ತೆ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದು ಸಾಲಿನ ಸಂದಿಗೆ ಮೇಲಿನ ಸಾಲಿನ ಮುಳ್ಳು ಬರೋ ಹಾಗೆ. ಕತ್ತರಿ ಅಂಟಿದ್ರೆ ನೀರಲ್ಲಿ ಅದ್ದಿ. ಮುಖದ ಜಾಗ ಅಂಗೈಯಷ್ಟು ನುಣುಪಾಗಿ ಬಿಟ್ಟಿರಿ. ಬಿರುಕು ಬಂದ್ರೆ ಅದೇ ಕ್ಲೇನ ನೀರಲ್ಲಿ ಕದಡಿ ತುಂಬಿ, ಗಾಬರಿ ಏನಿಲ್ಲ.

ಬಣ್ಣ ಬೇಗ ಮುಗಿಯತ್ತೆ. ಬಿಳಿ ಪ್ರೈಮರ್ ಒಂದು ಕೋಟ್, ಆಮೇಲೆ ಆಕ್ರಿಲಿಕ್ ಹಸಿರು ಹಳದಿ, ಒಣಗಿದ್ಮೇಲೆ ಕಂದು ಬಣ್ಣನ ನೀರು ನೀರಾಗಿ ಮಾಡಿ ಬಳಿದು ತಕ್ಷಣ ಬಟ್ಟೇಲಿ ಒರೆಸಿ, ಸಂದೀಲಿ ಮಾತ್ರ ಉಳ್ಕೊಂಡು ಮುಳ್ಳೆಲ್ಲ ಎದ್ದು ಕಾಣತ್ತೆ. ಕಣ್ಣಿನ ಸುತ್ತ, ಬಾಯಿಗೆ ನೀಲಿ ಬಾಲ್ ಪೆನ್ನಿನ ಗೆರೇನೇ ಎಳೆದೆ ನಾನು, ಬಿಲ್ ಹಿಂದಿದ್ದ ಗೆರೆಯ ನಡುಕ ಅಲ್ಲೇ ಉಳೀತು. ಕಣ್ಣಗುಡ್ಡೆಗೆ ಬಣ್ಣ ಇಲ್ಲದ ನೈಲ್ ಪಾಲಿಶ್ ಒಂದು ಹನಿ.

ಇನ್ನು ಮನೇಲಿ ಏನೇನಿದೆ ಹುಡುಕಿ. ಛತ್ರಿಗೆ ಮುರಿದ ಛತ್ರಿಯದೇ ಕಪ್ಪು ಬಟ್ಟೆ, ಕಡ್ಡಿಗೆ ಹೇರ್‌ಪಿನ್ನು, ಚಪ್ಪಲಿಗೆ ಸವೆದ ಹವಾಯಿ ಚಪ್ಪಲಿಯ ಸೀಳು, ಸೆರಗಿಗೆ ಟೈಲರ್ ಹತ್ರ ಬಿದ್ದಿರೋ ಇಳಕಲ್ ಅಂಚಿನ ಚೂರು, ತುರುಬಿಗೆ ತೆಂಗಿನ ನಾರು. ಬಟ್ಟೇನ ಫೆವಿಕಾಲ್ ನೀರಲ್ಲಿ ಅದ್ದಿ ನೆರಿಗೆ ಹಿಡಿದು ಒಣಗಿಸಿದ್ರೆ ಗಾಳಿಗೆ ಹಾರ್ತಿರೋ ಹಾಗೇ ಗಟ್ಟಿಯಾಗಿ ನಿಲ್ಲತ್ತೆ. ಹತ್ತಿ ಬಟ್ಟೆಗೆ ಫೆವಿಕ್ವಿಕ್ ಹಾಕ್ಬೇಡಿ, ಥಟ್ಟನೆ ಬಿಸಿಯಾಗತ್ತೆ, ನನ್ನ ಹೆಬ್ಬೆರಳು ಸುಟ್ಟಿದ್ದು ಹಂಗೇ.

ಕೊನೇಲಿ ಮರದ ತುಂಡಿಗೆ ಎರಡು ತೂತು ಕೊರೆದು, ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚೋ ಗಟ್ಟಿ ಅಂಟು) ತುಂಬಿ ಕಾಲಿನ ತಂತಿ ಇಳಿಸಿ, ಒಂದು ರಾತ್ರಿ ಅಕ್ಕಪಕ್ಕ ಪುಸ್ತಕ ಒತ್ತಿಟ್ಟು ನಿಲ್ಲಿಸಿ. ನಮ್ಮತ್ತೆ ಸ್ವಲ್ಪ ಎಡಕ್ಕೆ ವಾಲಿದ್ಲು, ನೆಟ್ಟಗೆ ಮಾಡೋಣ ಅಂತ ಕೈ ಹಾಕಿ ಬಿಲ್ ತೆಗೆದು ನೋಡಿದೆ, ಅದರಲ್ಲೂ ಎಡಕ್ಕೇ ವಾಲಿದ್ಲು.